ವ್ಯಾಕ್ಯೂಮ್ ವಾಲ್ವ್ ಕೈಕೊಟ್ಟರೆ: ಅಂಟಿಸೋದಾ, ಗುಜರಿಯದ್ದಾ, ಹೊಸದಾ, ಬೈಪಾಸಾ?

ಕಳೆದ ಮೇ ತಿಂಗಳಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ಹೊರಟಿದ್ದೆ. ಕುಡತಿನಿ ದಾಟಿ ತೋರಣಗಲ್ಲು ಇನ್ನೇನು ಬರಬೇಕು, ಮುಂದೆ ಅದಿರಿನ ಲಾರಿ. ಓವರ್‌ಟೇಕ್ ಮಾಡೋಣ ಅಂತ ಎಕ್ಸಲರೇಟರ್ ತುಳಿದೆ. ಎಂಜಿನ್ ಕೂಗಿತು, ಕಾರು ಮಾತ್ರ ಓಡಲಿಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬಂದಾಗ ಸೀಟು ಬೆನ್ನಿಗೆ ಒತ್ತುತ್ತದಲ್ಲ, ಆ ಸುಖವೇ ಇಲ್ಲ. ಬಾನೆಟ್ ಒಳಗಿಂದ ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುವಂಥ ಸ್ಸ್ ಸದ್ದು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ.

ದೊಡ್ಡ ಊರಿನ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿ ಲಕ್ಷಣ ಹೇಳಿದೆ. ಗಾಡಿ ನೋಡದೆಯೇ "ಟರ್ಬೊ ಹೋಗಿದೆ ಸರ್, ಲಕ್ಷದ ಹತ್ತಿರ ಆಗುತ್ತೆ, ಟೋ ಮಾಡಿಸಿ ಕಳಿಸಿ" ಅಂದರು. ಮೆಲ್ಲಗೆ ಊರಿಗೆ ವಾಪಸ್ ಬಂದು ನಮ್ಮ ಮೇಸ್ತ್ರಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿದರು. ಜೀನ್ಸ್ ಯೂನಿಟ್ಟಿನ ಚಿಂದಿಯಲ್ಲಿ ಕೈ ಒರೆಸಿಕೊಂಡು ಒಂದು ನಿಮಿಷ ಸುಮ್ನೆ ಕಿವಿಗೊಟ್ಟು ನಿಂತರು. "ಟರ್ಬೊ ಗಟ್ಟಿ ಐತಣ್ಣ. ಈ ಪೈಪ್ ನೋಡು, ಹಪ್ಪಳ ಆಗೈತಿ." ಬೆರಳುದ್ದದ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಸೆಳೆತ) ಪೈಪು ಸೀಳಿ ಹೋಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಎಂಬತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು. ನಾನು ಜಾಣತನ ತೋರಿಸಲು ಹೋಗಿ ಪೈಪಿನ ಇನ್ನೊಂದು ತುದಿ ಹಿಡಿದು ಎಳೆದೆ. ಸೊಲೆನಾಯ್ಡ್ ಅನ್ನುವ ವ್ಯಾಕ್ಯೂಮ್ ವಾಲ್ವಿನ ಪ್ಲಾಸ್ಟಿಕ್ ಮೂತಿ ಟಿಕ್ ಅಂತ ಮುರಿದು ಪೈಪಿನ ಜೊತೆಗೇ ಕೈಗೆ ಬಂತು. ಮೇಸ್ತ್ರಿ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಈ ಕಥೆ ಹೇಳಿಕೊಂಡ ಮೇಲೆ ಹಳೆ ಕಾರು ಸಾಕುತ್ತಿರುವ ಮೂವರು ಗೆಳೆಯರು ಒಂದೇ ಪ್ರಶ್ನೆ ಕೇಳಿದರು: ಈ ವಾಲ್ವ್ ಕೆಟ್ಟರೆ ಅಂಟಿಸಲಾ, ಗುಜರಿಯದ್ದು ಹಾಕಲಾ, ಹೊಸದು ತರಲಾ, ಇಲ್ಲ ವಾಲ್ವನ್ನೇ ತೆಗೆದು ಬೈಪಾಸ್ ಮಾಡಲಾ? ಒಬ್ಬರು ಗಂಗಾವತಿಯವರು. ಅವರ ಕಾರು ವಾರವೆಲ್ಲ ರೈಸ್ ಮಿಲ್ಲಿನ ಶೆಡ್ಡಿನಲ್ಲಿ ಮಲಗಿದ್ದು ಭಾನುವಾರ ಮಾತ್ರ ಏಳುತ್ತದೆ. ಇನ್ನೊಬ್ಬರು ರಾಯಚೂರಿನವರು, ದಿನಾ ಶಕ್ತಿನಗರಕ್ಕೆ ಹೋಗಿ ಬರುವವರು. ಮೂರನೆಯವನು ಕೊಪ್ಪಳದ ಹುಡುಗ. ಇದ್ದ ದುಡ್ಡನ್ನೆಲ್ಲ ಕಾರಿಗೇ ಸುರಿದು ಈಗ ರಿಪೇರಿಗೆ ಕೈ ಖಾಲಿ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅನ್ನೋದೇ ಈ ಬರಹ.

ಇಲ್ಲಿ ನಾನು ಹೆಚ್ಚಾಗಿ ಹೇಳುತ್ತಿರುವುದು ಸ್ಕೋಡಾದ ಆಕ್ಟೇವಿಯಾ ಆರ್‌ಎಸ್‌ನಂಥ ಹಳೆ ಪೆಟ್ರೋಲ್ ಟರ್ಬೊ ಕಾರುಗಳ ಬಗ್ಗೆ. 2004ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ ಅದು. 1781 ಸಿಸಿ, ಸಿಲಿಂಡರಿಗೆ 5 ವಾಲ್ವ್, 150 ಎಚ್‌ಪಿ. ನಾಲ್ಕು ಬಾಗಿಲಿನದನ್ನು ಸ್ಪೋರ್ಟ್ಸ್ ಕಾರು ಅನ್ನಬಹುದಾ ಅಂತ ಜಗಳಕ್ಕೆ ಬರಬೇಡಿ. ಮೊದಲ ತಲೆಮಾರಿನ ಆಡಿ ಟಿಟಿಯಲ್ಲೂ ಇದೇ ಮನೆತನದ ಎಂಜಿನ್ ಇತ್ತು, ಅಷ್ಟು ಸಾಕು ನನಗೆ. ಕಾರಿನ ಮೇಲೆ ನನಗೇನೂ ದೂರಿಲ್ಲ. ಇಪ್ಪತ್ತು ಬೇಸಿಗೆ ಬಳ್ಳಾರಿಯ ಬಿಸಿಲು ತಿಂದ ಪ್ಲಾಸ್ಟಿಕ್ ಮುರಿಯದೆ ಇನ್ನೇನು ಮಾಡೀತು?

ಮೊದಲು ಯಾವ ವಾಲ್ವ್ ಅಂತ ಗೊತ್ತಾಗಲಿ

ಸೊಲೆನಾಯ್ಡ್ ಅಂದರೆ ಭಯಪಡುವಂಥದ್ದೇನಲ್ಲ. ನಮ್ಮ ಕಡೆ ಕಾಲುವೆಗೆ ತೂಬು ಇರುತ್ತದಲ್ಲ, ಹಾಗೇ. ಹಲಗೆ ಎತ್ತಿದರೆ ನೀರು ಒಂದು ಹೊಲಕ್ಕೆ, ಇಳಿಸಿದರೆ ಇನ್ನೊಂದಕ್ಕೆ. ಇಲ್ಲಿ ನೀರಿನ ಬದಲು ಗಾಳಿ ಅಥವಾ ವ್ಯಾಕ್ಯೂಮ್. ಹಲಗೆ ಎತ್ತುವವನ ಬದಲು ತಾಮ್ರದ ಕಾಯಿಲ್. ಕರೆಂಟ್ ಬಂದರೆ ಒಳಗಿನ ಕಬ್ಬಿಣದ ತುಂಡು ಸರಿದು ದಾರಿ ಬದಲಾಗುತ್ತದೆ. ಕರೆಂಟ್ ಹೋದರೆ ಸ್ಪ್ರಿಂಗು ಅದನ್ನು ವಾಪಸ್ ತಳ್ಳುತ್ತದೆ.

ತೊಂದರೆ ಏನೆಂದರೆ ಒಂದೇ ಎಂಜಿನ್ನಿನಲ್ಲಿ ನೋಡಲು ಅಣ್ಣತಮ್ಮಂದಿರಂತಿರುವ ಎರಡು ಮೂರು ವಾಲ್ವ್ ಇರುತ್ತವೆ. ಕೆಲಸ ಮಾತ್ರ ಪೂರ್ತಿ ಬೇರೆ. ಒಂದಕ್ಕೆ ಮಾಡಬಹುದಾದ ಜುಗಾಡ್ ಇನ್ನೊಂದಕ್ಕೆ ಮಾಡಿದರೆ ಎಂಜಿನ್ನೇ ಹೋಗಬಹುದು. ಆದ್ದರಿಂದ "ಸೊಲೆನಾಯ್ಡ್ ಹೋಗಿದೆ, ಏನು ಮಾಡಲಿ" ಅಂತ ಯಾರಾದರೂ ಕೇಳಿದರೆ ನಾನು ಮೊದಲು "ಯಾವುದು" ಅಂತ ಕೇಳುತ್ತೇನೆ.

ಈ ವಾಲ್ವುಗಳಿಗೆ ಕಂಪನಿ ಇಟ್ಟ ನಂಬರಿನ ಹೆಸರುಗಳಿವೆ. ಎನ್75 ಅನ್ನೋದು ಬೂಸ್ಟ್ ವಾಲ್ವ್; ಬೂಸ್ಟ್ ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಎಲ್ಲರೂ ವ್ಯಾಕ್ಯೂಮ್ ಸೊಲೆನಾಯ್ಡ್ ಅಂತಲೇ ಕರೆದರೂ ಇದು ಆಳುವುದು ಟರ್ಬೊದ ಒತ್ತಡವನ್ನು. ಟರ್ಬೊ ಬದಿಯಲ್ಲಿರುವ ವೇಸ್ಟ್‌ಗೇಟ್ ಎಂಬ ಬಾಗಿಲು ಯಾವಾಗ ತೆರೆಯಬೇಕು ಅಂತ ಹೇಳುವುದು ಇದೇ. ಕರೆಂಟ್ ಇಲ್ಲದಾಗ ಒತ್ತಡ ನೇರ ವೇಸ್ಟ್‌ಗೇಟಿಗೆ ಹೋಗಿ ಬಾಗಿಲು ಬೇಗ ತೆರೆಯುತ್ತದೆ, ಬೂಸ್ಟ್ ಕಮ್ಮಿ ಇರುತ್ತದೆ. ಅಂದರೆ ಕಾಯಿಲ್ ಸುಟ್ಟರೆ ಕಾರು ಎತ್ತಿನ ಗಾಡಿ ಆಗುತ್ತದೆ, ಆದರೆ ಸುರಕ್ಷಿತ. ಅಪಾಯ ಇರೋದು ಅದರ ಪೈಪು ಕಿತ್ತುಹೋದಾಗ. ವೇಸ್ಟ್‌ಗೇಟಿಗೆ ಒತ್ತಡವೇ ತಲುಪದೆ ಬಾಗಿಲು ಮುಚ್ಚಿಯೇ ಇರುತ್ತದೆ, ಬೂಸ್ಟ್ ಏರುತ್ತಲೇ ಹೋಗುತ್ತದೆ. ಕಂಪ್ಯೂಟರ್ ಸಾಮಾನ್ಯವಾಗಿ ಮಧ್ಯೆ ಬಂದು ಪವರ್ ಕತ್ತರಿಸುತ್ತದೆ. ಅದರ ಮೇಲೆ ಭಾರ ಹಾಕಿ ಓಡಿಸುವುದು ಬೇಡ.

ಎನ್249 ಇನ್ನೊಂದು. ಎಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಟರ್ಬೊದ ಗಾಳಿಗೆ ಹೋಗಲು ದಾರಿ ಬೇಕು. ಆ ದಾರಿ ಬಿಡುವ ಡೈವರ್ಟರ್ ವಾಲ್ವಿಗೆ ಇದು ಸಹಾಯಕ. ಕರೆಂಟ್ ಇಲ್ಲದಾಗ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಗಳ) ವ್ಯಾಕ್ಯೂಮ್ ಡೈವರ್ಟರಿಗೆ ಹೋಗುತ್ತದೆ. ಕರೆಂಟ್ ಬಂದಾಗ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟ ವ್ಯಾಕ್ಯೂಮ್ ಹೋಗುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಇದು ಇರುವುದಿಲ್ಲ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಬಾನೆಟ್ ಎತ್ತಿಯೇ ನೋಡಬೇಕು. ನಾನು ಮುರಿದದ್ದು ಇದನ್ನೇ.

ಎನ್80 ಪೆಟ್ರೋಲ್ ಆವಿಯದ್ದು. ಟ್ಯಾಂಕಿನ ಆವಿಯನ್ನು ಇದ್ದಿಲಿನ ಡಬ್ಬಿಯಿಂದ ಎಂಜಿನ್ನಿಗೆ ಎಳೆದುಕೊಳ್ಳುವ ವಾಲ್ವ್. ಇದು ತೆರೆದೇ ಸಿಕ್ಕಿಕೊಂಡರೆ ಪೆಟ್ರೋಲ್ ಹಾಕಿಸಿದ ತಕ್ಷಣ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗ್ (ಗಾಡಿ ನಿಂತಲ್ಲಿ ಎಂಜಿನ್ ಓಡುವ ವೇಗ) ಏರಿಳಿಯುತ್ತದೆ. ಇದರ ಬಗ್ಗೆ ಒಂದೇ ಮಾತು: ಅಂಟು ಬೇಡ, ಬೈಪಾಸ್ ಬೇಡ, ಹೊಸದು ಹಾಕಿ. ನಲವತ್ತು ಡಿಗ್ರಿ ಬಿಸಿಲಲ್ಲಿ ಬಾನೆಟ್ ಕೆಳಗೆ ಪೆಟ್ರೋಲ್ ಆವಿ ಸೋರಿಸಿಕೊಂಡು ಓಡಾಡುವುದು ತಮಾಷೆ ಅಲ್ಲ.

ಟರ್ಬೊ ಇಲ್ಲದ ಹಳೆ ಸ್ಪೋರ್ಟ್ಸ್ ಕಾರುಗಳಲ್ಲಿ ಇಂಥ ವಾಲ್ವ್ ಮ್ಯಾನಿಫೋಲ್ಡ್ ಒಳಗಿನ ರೆಕ್ಕೆ ತಿರುಗಿಸಲು ಇರುತ್ತದೆ. ಕೆಟ್ಟರೆ ಕೆಳಗಿನ ಅಥವಾ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಜೀವ ಕಮ್ಮಿ ಅನಿಸುತ್ತದೆ, ಅಷ್ಟೇ. ಹಳೆ ಮರ್ಸಿಡಿಸ್‌ಗಳಲ್ಲಿ ಎಸಿಯ ಬಾಗಿಲುಗಳನ್ನೂ ವ್ಯಾಕ್ಯೂಮೇ ನಡೆಸುತ್ತದೆ. ಅದು ಕೆಟ್ಟರೆ ತಣ್ಣನೆ ಗಾಳಿ ಮುಖಕ್ಕೆ ಬರದೆ ಗಾಜಿಗೋ ಕಾಲಿಗೋ ಹೋಗುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಇದಕ್ಕಿಂತ ದೊಡ್ಡ ತುರ್ತು ಇಲ್ಲ ಬಿಡಿ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು

ರೇಟು ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ನಾನು ನೋಡುವುದು ಬೇರೆ.

ಮೊದಲನೆಯದು, ಈ ವಾಲ್ವ್ ಬರೀ ಆನ್ ಆಫ್ ಆಗುವಂಥದ್ದೋ, ಇಲ್ಲ ಸೆಕೆಂಡಿಗೆ ಹತ್ತಾರು ಸಲ ಪಟಪಟ ಬಡಿದು ಅಳತೆ ಪ್ರಕಾರ ಗಾಳಿ ಬಿಡುವಂಥದ್ದೋ? ಎನ್249 ಮೊದಲ ಜಾತಿ, ಎನ್75 ಎರಡನೆಯದು. ಆನ್ ಆಫ್ ವಾಲ್ವಿನಲ್ಲಿ ಅಗ್ಗದ ಮಾಲು ಹೇಗೋ ನಡೆಯುತ್ತದೆ. ಬಡಿಯುವ ವಾಲ್ವಿನಲ್ಲಿ ನಡೆಯುವುದಿಲ್ಲ.

ಎರಡನೆಯದು ಕಾಯುವ ಖರ್ಚು. ಬೆಂಗಳೂರಿನಲ್ಲಿ ಇರುವವರಿಗೆ ಪಾರ್ಟು ಬರುವವರೆಗೆ ಆಟೊ ಇದೆ, ಮೆಟ್ರೊ ಇದೆ. ನಮಗೆ ಒಂದೊಂದು ಪಾರ್ಟೂ ಮುನ್ನೂರು ಕಿಲೋಮೀಟರ್ ಆಚೆಯಿಂದ ಬರಬೇಕು. ತಪ್ಪು ಪಾರ್ಟು ಬಂದರೆ ಮತ್ತೆ ವಾಪಸ್ ಕಳಿಸಿ ಇನ್ನೊಂದು ವಾರ ಕಾಯಬೇಕು. ಗಾಡಿ ದಿನಾ ಬೇಕೋ ವಾರಕ್ಕೊಮ್ಮೆ ಬೇಕೋ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿದೆ.

ಮೂರನೆಯದು ಬಿಸಿ ಮತ್ತು ಧೂಳು. ವಾಲ್ವ್ ಟರ್ಬೊ ಪಕ್ಕದಲ್ಲಿದೆಯೋ ಮ್ಯಾನಿಫೋಲ್ಡಿನ ತಣ್ಣನೆ ಬದಿಯಲ್ಲಿದೆಯೋ ನೋಡಿ. ಅಂಟು, ಪೈಪು, ಡೂಪ್ಲಿಕೇಟ್ ಪ್ಲಾಸ್ಟಿಕ್ ಎಷ್ಟು ದಿನ ಬಾಳುತ್ತವೆ ಅನ್ನೋದು ಇದರ ಮೇಲೇ ಇದೆ. ಇನ್ನು ಮಾಡಿದ್ದನ್ನು ನಾಳೆ ವಾಪಸ್ ಮೊದಲಿನಂತೆ ಮಾಡಬಹುದಾ ಅನ್ನೋದನ್ನೂ ಯೋಚಿಸಿ. ಹದಿನೈದು ವರ್ಷ ದಾಟಿದ ಗಾಡಿ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ನಿಲ್ಲಬೇಕು. ಆವತ್ತು ಹಳದಿ ದೀಪ ಉರಿಯುತ್ತಿದ್ದರೆ ಇರುಸುಮುರುಸು ನಿಮಗೇ.

ನಿಜವಾಗಿ ವಾಲ್ವೇ ಕೆಟ್ಟಿದೆಯಾ?

ಇದನ್ನು ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ವಾಲ್ವ್ ಕೆಟ್ಟಿದೆ ಅಂತ ಬಂದ ಗಾಡಿಗಳಲ್ಲಿ ನಾನು ಕಂಡ ಹಾಗೆ ಹೆಚ್ಚಿನವು ಬರೀ ಪೈಪಿನ ಕೇಸು.

ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಒಳ್ಳೆ ರಬ್ಬರ್ ಬಾಗುತ್ತದೆ, ಸತ್ತ ರಬ್ಬರ್ ಕರುಂ ಅನ್ನುತ್ತದೆ. ಬಟ್ಟೆ ಸುತ್ತಿದ ಪೈಪುಗಳು ಮೋಸಗಾರರು. ಮೇಲೆ ಬಟ್ಟೆ ನೆಟ್ಟಗಿದ್ದು ಒಳಗೆ ರಬ್ಬರ್ ಪುಡಿಯಾಗಿರುತ್ತದೆ. ನಮ್ಮ ಮೇಸ್ತ್ರಿ ಪೈಪನ್ನು ಗಾಡಿಯಿಂದ ಬಿಚ್ಚಿ ದೂರ ತಂದು, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಬೀಡಿ ಹೊಗೆ ಊದುತ್ತಾರೆ. ಎಲ್ಲಿ ಸೀಳಿದೆಯೋ ಅಲ್ಲಿಂದ ದಾರದಂತೆ ಹೊಗೆ ಬರುತ್ತದೆ. ಬೀಡಿ ಸೇದದವರು ಸೋಪಿನ ನೀರು ಹಚ್ಚಿ ಊದಿದರೂ ಆಯಿತು. ಎಂಜಿನ್ ಹತ್ತಿರ ಬೆಂಕಿ ಮಾತ್ರ ತರಬೇಡಿ.

ಆಮೇಲೆ ವಾಲ್ವ್. ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ಸಿಗುತ್ತದೆ. ಸೂಜಿ ಬೇಡ ಅನ್ನಿ, ಇಲ್ಲದಿದ್ದರೆ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ಅದಕ್ಕೆ ಒಂದು ತುಂಡು ಪೈಪು ಸಿಕ್ಕಿಸಿ ವಾಲ್ವಿನ ಒಂದು ಮೂತಿಗೆ ಹಾಕಿ, ಆ ದಾರಿಯ ಇನ್ನೊಂದು ಮೂತಿಯನ್ನು ಬೆರಳಲ್ಲಿ ಮುಚ್ಚಿ ಎಳೆಯಿರಿ. ಎಳೆದ ಕಡ್ಡಿ ಬಿಟ್ಟಾಗ ತಾನಾಗಿ ಒಳಗೆ ಹೋದರೆ ವಾಲ್ವ್ ಗಾಳಿ ಹಿಡಿಯುತ್ತಿದೆ. ಎಳೆದಲ್ಲೇ ನಿಂತರೆ ಎಲ್ಲೋ ಸೋರುತ್ತಿದೆ. ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು ಟಕ್ ಸದ್ದು ಬರುತ್ತದಾ ಕೇಳಿ. ಸದ್ದು ಬಂದರೆ ಸಾಲದು, ದಾರಿ ಬದಲಾಯಿತಾ ಅಂತ ಊದಿಯೂ ನೋಡಿ.

ಮಲ್ಟಿಮೀಟರಿನಲ್ಲಿ ಈ ವಾಲ್ವುಗಳ ಕಾಯಿಲ್ 25ರಿಂದ 35 ಓಮ್ ಒಳಗೆ ತೋರಿಸಬೇಕು. ಇಲ್ಲೊಂದು ಕಿವಿಮಾತು. ತಾಮ್ರ ಬಿಸಿಯಾದಷ್ಟೂ ಓಮ್ ಏರುತ್ತದೆ, ಡಿಗ್ರಿಗೆ ಶೇಕಡಾ 0.4ರಷ್ಟು. ಬೆಳಿಗ್ಗೆ 30 ತೋರಿಸಿದ ಕಾಯಿಲ್ ಮಧ್ಯಾಹ್ನ ಕಾದ ಎಂಜಿನ್ ಮೇಲೆ 36, 37 ತೋರಿಸಬಹುದು. ಅದನ್ನು ನೋಡಿ ಕೆಟ್ಟಿದೆ ಅಂತ ಬಿಸಾಡಬೇಡಿ. ಹಾಗೇ ಎರಡು ವಾಲ್ವ್ ಒಟ್ಟಿಗೇ ಸತ್ತವು ಅಂದರೆ ಮೊದಲು ಫ್ಯೂಸ್ ನೋಡಿ. ಒಟ್ಟಿಗೆ ಸಾಯುವಷ್ಟು ಪ್ರೀತಿ ಅವಕ್ಕೆ ಇರುವುದಿಲ್ಲ.

ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ 18ರಿಂದ 20 ಇಂಚು (ಪಾದರಸದ ಅಳತೆ) ತೋರಿಸಬೇಕು ಅಂತ ಪುಸ್ತಕದಲ್ಲಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬಳ್ಳಾರಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಒಂದೂವರೆ ಇಂಚು ಕಮ್ಮಿಯೇ ಬರುತ್ತದೆ. ಮುಳ್ಳು ಅಲ್ಲಾಡದೆ ನಿಂತಿದ್ದರೆ ಸರಿ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ1297 ಬಂದರೆ ಟರ್ಬೊ ಮತ್ತು ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಡುವೆ ಒತ್ತಡ ಸೋರುತ್ತಿದೆ ಅಂತ ಅರ್ಥ. ಪಿ1556 ಬಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ ಅಂತ. ಎರಡೂ ಕೋಡ್ ವಾಲ್ವನ್ನೇ ಬೆರಳು ಮಾಡಿ ತೋರಿಸುವುದಿಲ್ಲ. ಒಡೆದ ಪೈಪಿಗೂ ಇವೇ ಬರುತ್ತವೆ.

ಬರೀ ಪೈಪು ಬದಲಿಸುವುದು

ಪರೀಕ್ಷೆಯಲ್ಲಿ ವಾಲ್ವ್ ಪಾಸಾದರೆ ನಿಮ್ಮ ಕೆಲಸ ಇಷ್ಟೇ. ವಾಲ್ವ್ ಫೇಲಾದರೂ ಪೈಪು ಬದಲಿಸಲೇಬೇಕು, ಹಾಗಾಗಿ ಇದು ಎಲ್ಲರಿಗೂ ಇದ್ದದ್ದೇ. ಒಂದು ಪೈಪು ಒಡೆದಿದ್ದರೆ ಉಳಿದವೂ ಅದೇ ವಯಸ್ಸಿನವು. ಎಲ್ಲ ಬದಲಿಸಿ, ಎರಡು ಮೂರು ಮೀಟರ್ ಸಾಕಾಗುತ್ತದೆ.

ಅಕ್ವೇರಿಯಂ ಪೈಪು, ಗ್ಲೂಕೋಸ್ ಬಾಟಲಿಯ ಪೈಪು ಹಾಕಿಕೊಂಡು ಬಂದವರನ್ನು ನೋಡಿದ್ದೇನೆ. ತಣ್ಣಗಿದ್ದಾಗ ಚೆನ್ನಾಗಿ ಕೂರುತ್ತವೆ. ಬಿಸಿಯಾದಾಗ ಮೆತ್ತಗಾಗಿ ವ್ಯಾಕ್ಯೂಮಿಗೆ ಒಳಗೊಳಗೇ ಚಪ್ಪಟೆಯಾಗುತ್ತವೆ. ಹೊರಗೆ ನೋಡಿದರೆ ಸೋರಿಕೆ ಇಲ್ಲ, ಒಳಗೆ ದಾರಿ ಬಂದ್. ಈ ತೊಂದರೆ ಹುಡುಕಲು ಎರಡು ದಿನ ಹೋಗುತ್ತದೆ. ದಪ್ಪ ಗೋಡೆಯ ಸಿಲಿಕೋನ್ ಪೈಪು ಅಥವಾ ಬಟ್ಟೆ ಸುತ್ತಿದ ರಬ್ಬರ್ ಪೈಪು ತೆಗೆದುಕೊಳ್ಳಿ. ಬಿಸಿಗೆ ಸಿಲಿಕೋನ್ ಜಾಸ್ತಿ ತಡೆಯುತ್ತದೆ, ಆದರೆ ಪೆಟ್ರೋಲ್ ಆವಿ ಮತ್ತು ಆಯಿಲ್‌ಗೆ ಆಗಿಬರುವುದಿಲ್ಲ. ಎನ್80 ಕಡೆಗೆ ಅದನ್ನು ಹಾಕಬೇಡಿ. ಅಂಗಡಿಗೆ ಹಳೆ ಪೈಪಿನ ತುಂಡು ತೆಗೆದುಕೊಂಡು ಹೋಗಿ, ಒಳಗಿನ ಅಳತೆ ಕೂಡಬೇಕು.

ಪೈಪು ತೆಗೆಯುವಾಗ ನನ್ನ ತಪ್ಪು ಮಾಡಬೇಡಿ. ಎಳೆಯಬೇಡಿ. ಮೂತಿಯ ಮೇಲೆ ಕೂತ ಭಾಗವನ್ನು ಬ್ಲೇಡಿನಿಂದ ಉದ್ದಕ್ಕೆ ಮೆಲ್ಲಗೆ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಹೇಗಿದ್ದರೂ ಬಿಸಾಡುವ ಪೈಪು ಅಲ್ವಾ?

ಮುರಿದ ಮೂತಿ ಅಂಟಿಸುವುದು

ಕಾಯಿಲ್ ಸರಿ ಇದ್ದು ಪ್ಲಾಸ್ಟಿಕ್ ಮೂತಿ ಮಾತ್ರ ಮುರಿದಿದ್ದರೆ ಇದೊಂದು ದಾರಿ. ಬರೀ ಅಂಟು ಹಾಕಿ ತುಂಡು ಜೋಡಿಸಿದರೆ ಪೈಪು ಸಿಕ್ಕಿಸುವಾಗಲೇ ಮತ್ತೆ ಮುರಿಯುತ್ತದೆ. ನಮ್ಮ ಮೇಸ್ತ್ರಿ ಮಾಡಿದ್ದು ಹೀಗೆ. ಹಳೆ ರೇಡಿಯೊದ ಏರಿಯಲ್ ತಂದರು. ಅದರ ತೆಳ್ಳನೆ ಹಿತ್ತಾಳೆ ಕೊಳವೆಗಳಲ್ಲಿ ತೂತಿಗೆ ಸರಿಯಾಗಿ ಕೂರುವ ಒಂದನ್ನು ಆರಿಸಿ ಬೆರಳಿನ ಒಂದು ಗೆಣ್ಣಿನಷ್ಟು ಕತ್ತರಿಸಿದರು. ತುದಿ ಅರದಿಂದ ಉಜ್ಜಿ, ಸುತ್ತ ಎರಡು ಟ್ಯೂಬಿನ ಅಂಟು ಹಚ್ಚಿ ಕೂರಿಸಿದರು. ಅಂಟು ಒಳಗೆ ಇಳಿಯದಂತೆ ಕೊಳವೆಯಲ್ಲಿ ಬೆಂಕಿಕಡ್ಡಿ ಸಿಕ್ಕಿಸಿದ್ದರು, ಅದಕ್ಕೆ ವ್ಯಾಸಲೀನ್ ಹಚ್ಚಿ. ಒಂದು ಇಡೀ ದಿನ ಮುಟ್ಟಬೇಡ ಅಂದರು.

ಖರ್ಚು ನೂರೈವತ್ತು ರೂಪಾಯಿ. ಆದರೆ ಇಂಥ ಅಂಟು ಅರವತ್ತು ಎಂಬತ್ತು ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಮ್ಯಾನಿಫೋಲ್ಡಿನ ತಣ್ಣನೆ ಬದಿಯಲ್ಲಿರುವ ವಾಲ್ವಿಗೆ ತಿಂಗಳುಗಟ್ಟಲೆ ಬರುತ್ತದೆ. ಟರ್ಬೊ ಪಕ್ಕದಲ್ಲಿರುವುದಕ್ಕೆ ವಾರ ಬಂದರೆ ಪುಣ್ಯ. ಎನ್75 ಮೂತಿಗೆ ನಾನು ಅಂಟಿಸುವುದಿಲ್ಲ. ಅದು ಓಡುವಾಗ ಬಿಟ್ಟುಕೊಂಡರೆ ಬೂಸ್ಟ್ ಎಲ್ಲಿಗೆ ಹೋಗುತ್ತದೆ ಅಂತ ಆಗಲೇ ಹೇಳಿದೆನಲ್ಲ.

ಗುಜರಿ ಪಾರ್ಟು

ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ, ಎಲ್ಲ ಕಡೆ ಬಿಚ್ಚಿದ ಪಾರ್ಟುಗಳು ಸಿಗುತ್ತವೆ. ಬಾಗಿಲು, ಗೇರ್‌ಬಾಕ್ಸ್, ಸೀಟು ಬೇಕಿದ್ದರೆ ನಾನೂ ಅಲ್ಲಿಗೇ ಹೋಗುತ್ತೇನೆ. ಸೊಲೆನಾಯ್ಡ್‌ಗೆ ಹೋಗುವುದಿಲ್ಲ. ನಿಮ್ಮ ಪ್ಲಾಸ್ಟಿಕ್ ಇಪ್ಪತ್ತು ವರ್ಷದ್ದು ಅಂತ ಮುರಿಯಿತು, ಅದೂ ಇಪ್ಪತ್ತು ವರ್ಷದ್ದೇ. ಕೊರಿಯರ್ ಡಬ್ಬಿಯಲ್ಲೇ ಮೂತಿ ಮುರಿದು ಬಂದದ್ದೂ ಇದೆ. ನಿಮ್ಮ ಮಾಡೆಲ್ಲಿಗೆ ಹೊಸದು ಎಲ್ಲೂ ಸಿಗದಿದ್ದರೆ ಮಾತ್ರ ಈ ದಾರಿ. ಆಗಲೂ ಓಮ್ ಅಳೆದ ಫೋಟೊ ಕಳಿಸಲು ಹೇಳಿ.

ಹೊಸದು: ಡೂಪ್ಲಿಕೇಟಾ, ಒರಿಜಿನಲ್ಲಾ

ಹೆಚ್ಚಿನವರು ಒದ್ದಾಡುವುದು ಇಲ್ಲೇ. ನನಗೆ ಹೇಳಿದ ರೇಟಿನ ಪ್ರಕಾರ ಹೆಸರಿಲ್ಲದ ಮಾಲು ಎರಡು ಸಾವಿರದ ಒಳಗೆ, ಮೂರು ದಿನದಲ್ಲಿ ಮನೆಗೆ. ಪಿಯರ್‌ಬರ್ಗ್ ಅನ್ನುವ ಜರ್ಮನ್ ಕಂಪನಿಯದ್ದು ಐದು ಸಾವಿರದ ಆಸುಪಾಸು, ಎರಡು ಮೂರು ವಾರ. ಈ ಕಾರುಗಳಿಗೆ ಇಂಥ ವಾಲ್ವ್ ಮಾಡಿಕೊಡುವವರೇ ಅವರು. ಕಾರ್ ಕಂಪನಿಯ ಡಬ್ಬಿಯಲ್ಲಿ ಬಂದರೆ ರೇಟು ಇನ್ನೂ ಜಾಸ್ತಿ. ಡಬ್ಬಿಗೆ ಕೊಡುವ ಆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ.

ಆನ್ ಆಫ್ ಕೆಲಸದ ವಾಲ್ವಿಗೆ ಡೂಪ್ಲಿಕೇಟ್ ಹಾಕಿದರೆ ದೊಡ್ಡ ಅನಾಹುತ ಇಲ್ಲ. ಬಾಳಿಕೆ ಕಮ್ಮಿ, ಅಷ್ಟೇ. ಆದರೆ ಹಾಕುವ ಮುಂಚೆ ಓಮ್ ಅಳೆಯಿರಿ. 25ಕ್ಕಿಂತ ತೀರಾ ಕಮ್ಮಿ ಇದ್ದರೆ ಕಾಯಿಲ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಕರೆಂಟ್ ಹೋಗುವುದು ಎಂಜಿನ್ ಕಂಪ್ಯೂಟರಿನ ಮೂಲಕ. ಎರಡು ಸಾವಿರ ಉಳಿಸಲು ಹೋಗಿ ಆ ಕಂಪ್ಯೂಟರನ್ನೇ ಸುಟ್ಟುಕೊಂಡರೆ ಆ ನೋವು ಬೇರೆ ಲೆವೆಲ್ಲು.

ಎನ್75 ವಿಷಯಕ್ಕೆ ಬಂದರೆ ನಾನು ಡೂಪ್ಲಿಕೇಟ್ ಮುಟ್ಟುವುದಿಲ್ಲ. ಅದು ಸೆಕೆಂಡಿಗೆ ಹತ್ತಾರು ಸಲ ಬಡಿಯುವಾಗ ಪ್ರತಿ ಬಡಿತವೂ ಒಂದೇ ಅಳತೆಯಲ್ಲಿರಬೇಕು. ಸ್ಪ್ರಿಂಗು ಸ್ವಲ್ಪ ಬಿಗಿ, ತೂತು ಸ್ವಲ್ಪ ದೊಡ್ಡದು ಅಂದರೂ ಬೂಸ್ಟ್ ಏರುಪೇರು. ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಯಾರೋ ಹಿಂದಿನಿಂದ ತಳ್ಳಿ ಬಿಟ್ಟು, ತಳ್ಳಿ ಬಿಟ್ಟು ಮಾಡಿದಂತೆ ಕಾರು ಕುಲುಕುತ್ತದೆ.

ಇನ್ನೊಂದು ಮುಖ್ಯ ವಿಷಯ ಪಾರ್ಟ್ ನಂಬರಿನ ಕೊನೆಯ ಅಕ್ಷರ. ಎನ್75 ಹೊರಗಿನಿಂದ ಒಂದೇ ಥರ ಕಂಡರೂ ಕೊನೆಗೆ ಸಿ, ಎಫ್, ಎಚ್, ಜೆ ಅಂತ ಬೇರೆ ಬೇರೆ ಬರುತ್ತವೆ, ಬೂಸ್ಟ್ ಬರುವ ರೀತಿಯೂ ಬೇರೆ. "ಎಲ್ಲಾ ಒಂದೇ ಸರ್" ಅನ್ನುವ ಅಂಗಡಿಯವರನ್ನು ನಂಬಬೇಡಿ. ನಿಮ್ಮ ಹಳೆ ವಾಲ್ವಿನ ಮೈಮೇಲಿರುವ ನಂಬರ್ ಒರೆಸಿ ಫೋಟೊ ತೆಗೆದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ. ಜೊತೆಗೆ ಎಂಜಿನ್ ನಂಬರಿನ ಮೊದಲ ಮೂರು ಅಕ್ಷರ ಹೇಳಿ. ಎಂಜಿನ್ ಯಾವುದು ಅಂತ ತಿಳಿಯುವುದು ಅದರಿಂದಲೇ.

ಬೈಪಾಸ್

ವಾಲ್ವನ್ನೇ ದಾರಿಯಿಂದ ತೆಗೆದು ಪೈಪನ್ನು ನೇರ ಜೋಡಿಸುವುದು. ಎನ್249ಗೆ ಇದು ಜಗತ್ತಿನಾದ್ಯಂತ ಮಾಡುವ ಕೆಲಸ. ಮ್ಯಾನಿಫೋಲ್ಡಿನಿಂದ ನೇರ ಡೈವರ್ಟರಿಗೆ ಒಂದು ಪೈಪು, ಉಳಿದ ಬಾಯಿಗಳಿಗೆ ಮುಚ್ಚಳ. ಡೈವರ್ಟರ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ನಂಬಿಕೊಂಡೇ ಕೆಲಸ ಮಾಡುತ್ತದೆ. ಓಡಿಸುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಕೆಲವರಿಗೆ ಮೊದಲಿಗಿಂತ ಚುರುಕು ಅನಿಸುತ್ತದೆ, ಖರ್ಚು ಉಳಿಸಿದ ಖುಷಿಯಲ್ಲಿ ನನಗೂ ಹಾಗೆ ಅನಿಸುತ್ತಿತ್ತೇನೋ.

ವೈರಿನ ಸಾಕೆಟ್ ಮಾತ್ರ ಬಿಚ್ಚಬೇಡಿ. ಬಿಚ್ಚಿದರೆ ಹಳದಿ ದೀಪ. ಕಾಯಿಲ್ ಸರಿ ಇದ್ದರೆ ಹಳೆ ವಾಲ್ವನ್ನೇ ಸಾಕೆಟ್ಟಿಗೆ ಸಿಕ್ಕಿಸಿ ಮೂಲೆಯಲ್ಲಿ ಕಟ್ಟಿಡಿ. ಕಾಯಿಲ್ ಸತ್ತಿದ್ದರೆ 33 ಓಮ್ ರೆಸಿಸ್ಟರ್ ಹಾಕಬಹುದು. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವ ಅಕ್ಕಿಕಾಳಿನಷ್ಟು ಚಿಕ್ಕದನ್ನು ಹಾಕಬೇಡಿ. 14 ವೋಲ್ಟಿಗೆ ಅದು 6 ವ್ಯಾಟ್ ಬಿಸಿಯಾಗುತ್ತದೆ, ಸುಟ್ಟು ವಾಸನೆ ಬರುತ್ತದೆ. 10 ವ್ಯಾಟಿನ ಬಿಳಿ ಇಟ್ಟಿಗೆಯಂಥದ್ದು ತೆಗೆದುಕೊಂಡು ಲೋಹಕ್ಕೆ ತಾಗಿಸಿ ಕಟ್ಟಿ, ವೈರು ತಾಗದಂತೆ.

ಎನ್75ಗೆ ಬೈಪಾಸ್ ಅಂದರೆ ಟರ್ಬೊದಿಂದ ನೇರ ವೇಸ್ಟ್‌ಗೇಟಿಗೆ ಪೈಪು. ಮನೆ ಸೇರಲು ಒಳ್ಳೆ ಉಪಾಯ. ಬೂಸ್ಟ್ ಇಳಿಯುತ್ತದೆ, ಎಂಜಿನ್ನಿಗೆ ಏನೂ ಆಗುವುದಿಲ್ಲ. ಅದೇ ಪೈಪನ್ನು ಬಿಚ್ಚಿ ಬಾಯಿಗೆ ಬೋಲ್ಟ್ ತುರುಕಿದರೆ ಉಲ್ಟಾ ಆಗುತ್ತದೆ. ಈ ಎರಡರ ನಡುವೆ ಗೊಂದಲ ಇರುವವರು ಮುಟ್ಟದೇ ಇರುವುದು ಒಳ್ಳೆಯದು. ಅದರ ಜಾಗದಲ್ಲಿ ಕೈಯಲ್ಲಿ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಹಾಕುವವರಿದ್ದಾರೆ. ನಮ್ಮ ಬಿಸಿಲು, ಇಪ್ಪತ್ತು ವರ್ಷದ ಪಿಸ್ಟನ್, ಕಂಪ್ಯೂಟರಿಗೆ ಗೊತ್ತಿಲ್ಲದ ಬೂಸ್ಟ್: ಈ ಮೂರನ್ನು ಕೂಡಿಸಲು ನನಗೆ ಧೈರ್ಯ ಇಲ್ಲ.

ಯಾರಿಗೆ ಏನು ಹೇಳಿದೆ

ರಾಯಚೂರಿನವರದ್ದು ಎನ್75, ಕಾಯಿಲ್ ಸತ್ತಿತ್ತು. ದಿನಾ ಗಾಡಿ ಬೇಕು. ಒರಿಜಿನಲ್ ಆರ್ಡರ್ ಹಾಕಿ, ಬರುವವರೆಗೆ ಸಾಕೆಟ್ ಹಾಗೇ ಬಿಟ್ಟು ಕಡಿಮೆ ಬೂಸ್ಟಿನಲ್ಲೇ ಓಡಿಸಿ ಅಂದೆ. ಮೂರು ವಾರ ಲಾರಿಗಳ ಹಿಂದೆ ಹೋಗಬೇಕಾಯಿತು ಅಂತ ಬೈದುಕೊಂಡರು. ಎರಡು ಸಾವಿರದ್ದು ಹಾಕಿಬಿಡಲಾ ಅಂತ ಎರಡು ಸಲ ಫೋನ್ ಕೂಡ ಮಾಡಿದರು. ಬೇಡ ಅಂದೆ.

ಗಂಗಾವತಿಯವರ ವಾಲ್ವ್ ಕೆಟ್ಟೇ ಇರಲಿಲ್ಲ. ಮಿಲ್ಲಿನ ಶೆಡ್ಡಿನಲ್ಲಿ ಇಲಿ ಎರಡು ಪೈಪು ಕಡಿದಿತ್ತು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪೈಪು ಬದಲಿಸುವ ಕೆಲಸ. ಪೂರ್ತಿ ಸೆಟ್ ಬದಲಿಸಿದರು. ಅವರಿಗೆ ದುಡ್ಡಿನ ತೊಂದರೆ ಇಲ್ಲ, ಹೊಸ ವಾಲ್ವನ್ನೂ ತರಿಸಿ ಇಡಲಾ ಅಂದರು. ಇಟ್ಟುಕೊಳ್ಳಿ, ಈ ಪಾರ್ಟುಗಳು ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ, ಆದರೆ ಕೆಟ್ಟ ಮೇಲೆಯೇ ಹಾಕಿ ಅಂದೆ.

ಕೊಪ್ಪಳದ ಹುಡುಗನದ್ದು ಎನ್249, ಒಳಗೆ ಸೋರುತ್ತಿತ್ತು, ಐಡ್ಲಿಂಗ್ ಕುಣಿಯುತ್ತಿತ್ತು. ಅವನಿಗೆ ಬೈಪಾಸ್. ಕಾಯಿಲ್ ಸರಿ ಇದ್ದ ಕಾರಣ ರೆಸಿಸ್ಟರ್ ಕೂಡ ಬೇಕಾಗಲಿಲ್ಲ. ಪೈಪಿಗೆ ಇನ್ನೂರು ರೂಪಾಯಿ, ಕೆಲಸ ಮುಗಿಸಿ ಇಬ್ಬರೂ ತಿಂದ ಒಗ್ಗರಣೆ ಮಂಡಕ್ಕಿ ಮಿರ್ಚಿಗೆ ಎಂಬತ್ತು. "ಮತ್ತೆ ಒರಿಜಿನಲ್ ಹಾಕ್ಬೇಕಾ ಅಣ್ಣಾ?" ಅಂದ. ರಿನ್ಯೂವಲ್ ಬಂದಾಗ ನೋಡೋಣ, ಬಿಚ್ಚಿದ ಒಂದೊಂದು ತುಂಡನ್ನೂ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡು ಅಂದೆ.

ನನ್ನದು? ಏರಿಯಲ್ಲಿನ ಕೊಳವೆ ಹಾಕಿದ ವಾಲ್ವ್ ಮೇ ತಿಂಗಳಿಂದ ದಸರಾ ತನಕ ಬಂತು. ಅಷ್ಟರಲ್ಲಿ ಪಿಯರ್‌ಬರ್ಗ್‌ನದ್ದು ತರಿಸಿಕೊಂಡಿದ್ದೆ, ಅದನ್ನೇ ಹಾಕಿದೆ. ಬೈಪಾಸ್ ಮಾಡಿದ್ದರೂ ನಡೆಯುತ್ತಿತ್ತು. ಬಾನೆಟ್ ಎತ್ತಿದಾಗ ಎಲ್ಲ ಇದ್ದ ಜಾಗದಲ್ಲೇ ಇರಬೇಕು ಅನ್ನುವ ಚಟ ನನಗೆ, ಅದಕ್ಕೆ ಐದು ಸಾವಿರ ಕೊಟ್ಟೆ. ಹಳೆಯದು ಈಗ ಗ್ಲೋವ್ ಬಾಕ್ಸಿನಲ್ಲಿದೆ. ಮೇಸ್ತ್ರಿ ಕೊಟ್ಟ ಜೀನ್ಸ್ ಚಿಂದಿಯಲ್ಲಿ ಸುತ್ತಿ, ಜೊತೆಗೆ ಒಂದು ಗೇಣು ಪೈಪು ಮತ್ತು ಒಂದು ಬ್ಲೇಡು.